ಹೆಪ್ಪುಗಟ್ಟಿದ ಕೀಲಿ

"ಒಂದು ಕೀಲಿ ತಗೀಲಿಕ್ಕೆ ಬರೂದಿಲ್ಲ, ಈ ಹುಡುಗೇರಿಗೆ ಸೈಕಲ್ ಯಾಕ್ ಬೇಕ್ರೀ?" ಎಂದು ನಮ್ಮ ಶಿಕ್ಷಕರ ಕೋಣೆಯಲ್ಲಿ ಒಬ್ಬರು ನಕ್ಕಾಗ ನಾನೂ ನಕ್ಕಿದ್ದೆ. ಆ ನಗೆ ನನ್ನನ್ನು ಇನ್ನೂ ಚುಚ್ಚುತ್ತದೆ.

2012ರ ಡಿಸೆಂಬರ್. ಉಣಕಲ್ ಕಡೆಯಿಂದ ಬರುತ್ತಿದ್ದ ಎಂಟನೇ ಇಯತ್ತೆಯ ಹುಡುಗಿ ಮೂರನೆಯ ಸಲ ತಡವಾಗಿ, ನಡೆದುಕೊಂಡೇ ಬಂದಳು. "ಸೈಕಲ್ ಕೀಲಿ ತಗೀಲೇ ಇಲ್ರೀ ಅಕ್ಕೋರೆ" ಎಂದಳು. ನೆಪವೆಂದುಕೊಂಡು ಹೊರಗೆ ನಿಲ್ಲಿಸಿದೆ. ಮರುದಿನ ಅವಳಪ್ಪ ಬಂದ. "ಮುಂಜಾನೆ ತಗೀವಲ್ದು ಅಂತಾಳ, ಮಧ್ಯಾಹ್ನ ನಾ ನೋಡಿದ್ರ ಸಲೀಸು ತಗೀತದ. ಸುಳ್ಳು ಹೇಳಾಕ ಕಲತಾಳ. ಸಾಲಿ ಸಾಕು ಬಿಡ್ರಿ" ಎಂದ. ನನ್ನ ಎದೆ ಧಸಕ್ಕೆಂದಿತು.

ಮರುದಿನ ಮುಂಜಾನೆ ಏಳಕ್ಕೇ ಅವರ ಮನೆಗೆ ಹೋದೆ. ಕೀಲಿಗೆ ತುಕ್ಕಿರಲಿಲ್ಲ. ತೂತಿನೊಳಗೆ ಬೆಳ್ಳಗೆ ಏನೋ ಕಟ್ಟಿಕೊಂಡಿತ್ತು. ಮಳೆಗಾಲದಲ್ಲಿ ತುಕ್ಕು ಹಿಡಿಯದಿರಲೆಂದು ತಾಯಿ ಕೊಬ್ಬರಿ ಎಣ್ಣೆ ಸುರಿದಿದ್ದಳಂತೆ! ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ. ನಮ್ಮ ಹುಬ್ಬಳ್ಳಿ-ಧಾರವಾಡದ ಚಳಿಗಾಲದ ಮುಂಜಾವು 15ರ ಆಸುಪಾಸು. ಬಿಸಿಲೇರಿದರೆ ಎಣ್ಣೆ ಕರಗಿ ಕೀಲಿ ತಾನೇ ಸಡಿಲ. ತಲೆಗೆ ಹಚ್ಚುವ ಬಾಟಲಿಯನ್ನು ದಿನಾ ಬಿಸಿಲಿಗಿಡುವ ನಮಗೆ ಇದು ಹೊಳೆಯಲಿಲ್ಲವಲ್ಲ! ಹುಡುಗಿ ಸುಳ್ಳು ಹೇಳಿದಳೆಂಬುದು ಮಾತ್ರ ಎಲ್ಲರಿಗೂ ಥಟ್ಟನೆ ಹೊಳೆಯಿತು.

ಕೀಲಿಕೈಯನ್ನು ಬಟ್ಟೆಯಲ್ಲಿ ಹಿಡಿದು ಒಲೆಗೆ ಕೊಂಚ ಕಾಯಿಸಿ ಎರಡು ಮೂರು ಸಲ ಹಾಕಿದೆವು, ತೆಗೆಯಿತು. ಹಿಮ ಬೀಳುವ ದೇಶಗಳಲ್ಲಿ ಕೀಲಿಯೊಳಗಿನ ನೀರೇ ಹೆಪ್ಪುಗಟ್ಟುತ್ತದೆ. ಅಲ್ಲಿಯವರೂ ಹೀಗೇ ಕೀಲಿಕೈ ಕಾಯಿಸುತ್ತಾರೆ.

ಸರಕಾರ 2006-07ರಿಂದ ಎಂಟನೆಯ ಮಕ್ಕಳಿಗೆ ಪುಕ್ಕಟೆ ಸೈಕಲ್ ಹಂಚಿತು. ಕೋವಿಡ್ ಬಂದ ಮೇಲೆ ಅದು ನಿಂತಿತು. ಸೈಕಲ್ ಕೊಟ್ಟರು, ಸರಿ. ಅದನ್ನು ನೋಡಿಕೊಳ್ಳುವುದನ್ನು ಹುಡುಗಿಯರಿಗೆ ಕಲಿಸಿದವರು ಯಾರು? ಹುಡುಗ ಸೈಕಲ್ ಅಂಗಡಿಯ ಮುಂದೆ ತಾಸುಗಟ್ಟಲೆ ನಿಂತು ಕಲಿಯುತ್ತಾನೆ. ಹುಡುಗಿ ನಿಂತರೆ "ಅಲ್ಲೇನ್ ಕೆಲಸ ನಿನಗ?" ಎನ್ನುತ್ತೇವೆ. ಕೀಲಿ ಕೆಟ್ಟರೆ "ಅಣ್ಣನ್ನ ಕರಿ" ಎನ್ನುತ್ತೇವೆ. ಆಮೇಲೆ ಇವರಿಗೇನೂ ಬರುವುದಿಲ್ಲವೆಂದು ನಗುತ್ತೇವೆ!

"ಇಷ್ಟು ಸಣ್ಣ ಮಾತಿಗೆ ಇಷ್ಟು ರಗಳೆಯೇ?" ಎನ್ನಬೇಡಿ. ನಮ್ಮ ಹುಡುಗಿಯರ ಶಾಲೆ ತಪ್ಪುವುದು ಇಂಥ ಸಣ್ಣ ಮಾತಿಗೇ.

ತಾಯಂದಿರೇ, ನಿಮ್ಮ ಹೊಲಿಗೆ ಯಂತ್ರದ ಎಣ್ಣೆ ಈ ಚಳಿಗೆ ಗಟ್ಟಿಯಾಗುವುದಿಲ್ಲ. ತಿಂಗಳಿಗೆ ಎರಡು ಹನಿ ಸಾಕು. ಆದರೆ ಆ ಬಾಟಲಿಯನ್ನು ಮಗನ ಕೈಗಲ್ಲ, ಮಗಳ ಕೈಗೇ ಕೊಡಿ. ಆ ಹುಡುಗಿಗೂ ಹಾಗೇ ಕೊಟ್ಟೆವು. ಹತ್ತನೆಯ ಪರೀಕ್ಷೆಗೂ ಅವಳು ಬಂದದ್ದು ಅದೇ ಸೈಕಲ್ಲಿನ ಮೇಲೆ.