ಕುರಿನಾಯಿಯೂ ಉಸ್ಮಾನಿಯಾ ಬಿಸ್ಕತ್ತೂ

ಶಾಲೆಯ ವಾರ್ಷಿಕ ಸಂಚಿಕೆಗೆ ನಾಯಿಯ ವಿಷಯ ತಕ್ಕುದೇ ಎಂದು ಕೆಲವರು ಹುಬ್ಬೇರಿಸಬಹುದು. ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದ ಧರ್ಮರಾಯನ ಕಥೆಯನ್ನು ಕೇಳಿ ಬೆಳೆದ ನಮಗೆ ಆ ಸಂಕೋಚವಿಲ್ಲ. ವಿಷಯ ಒದಗಿ ಬಂದುದು ಹೀಗೆ. ಈಚೆಗೆ ಗೆಳೆಯರ ಕೂಟವೊಂದರಲ್ಲಿ, ಕುರಿ ಕಾಯುವ ನಾಯಿಗಳಿಗೆ ತಿಂಡಿ ಕೊಟ್ಟು ವಿದ್ಯೆ ಕಲಿಸುವ ಪದ್ಧತಿಯ ಪ್ರಸ್ತಾಪ ಬಂದಿತು. ನಾಯಿ ಹೇಳಿದಂತೆ ಕೇಳಿದರೆ ಬಾಯಿಗೊಂದು ತುಣುಕು. ಕೇಳದಿದ್ದರೆ ಅದಿಲ್ಲ, ಅಷ್ಟೆ. ಏಟೂ ಇಲ್ಲ, ಬೈಗುಳವೂ ಇಲ್ಲ. ನಮ್ಮದು ಹೈದರಾಬಾದಾದ್ದರಿಂದ ಆ ತುಣುಕು ಉಸ್ಮಾನಿಯಾ ಬಿಸ್ಕತ್ತೇ ಆಗತಕ್ಕದ್ದೆಂದು ಒಬ್ಬರು ಸೂಚಿಸಿದರು. ಇನ್ನು ಕೇಳಬೇಕೆ! ಅರ್ಧ ಗಂಟೆ ನಗೆಯೋ ನಗೆ.

ಹಿಂಡು ಮುನ್ನೂರು ಗಜ ದೂರದಲ್ಲಿದೆ ಎಂದುಕೊಳ್ಳಿರಿ. ನಾಯಿ ಬಲಕ್ಕೆ ಸುತ್ತು ಹಾಕಿ ಕುರಿಗಳನ್ನು ತಡೆಯಿತು. ಭೇಷ್! ಆದರೆ ಸಂಭಾವನೆ ಇರುವುದು ಕುರಿಗಾಹಿಯ ಜೇಬಿನಲ್ಲಿ. ನಾಯಿ ಮುನ್ನೂರು ಗಜ ಓಡಿ ಬಂದು, ಬಿಸ್ಕತ್ತು ತಿಂದು, ಬಾಯಿ ಸವರಿಕೊಂಡು ಹಿಂದಿರುಗುವಷ್ಟರಲ್ಲಿ ಹಿಂಡು ಪಕ್ಕದವರ ಜೋಳದ ಹೊಲದಲ್ಲಿ ಪಂಕ್ತಿಗೆ ನಿಂತಿರುತ್ತದೆ. ನಾಯಿ ಸ್ವಲ್ಪ ಜಾಣನಾದರೆ ತಾನೇ ಕುರಿಗಳನ್ನು ಚದರಿಸಿ, ತಾನೇ ಕೂಡಿಸಿ, ಎರಡನೆಯ ಬಿಸ್ಕತ್ತಿಗೆ ಬರುವುದೆಂದು ಇನ್ನೊಬ್ಬರೆಂದರು. ಬಿಸ್ಕತ್ತಿನ ವಾಸನೆ ಕುರಿಗಳಿಗೇ ಹತ್ತಿದರೆ ಅವೇ ಕುರಿಗಾಹಿಯ ಬೆನ್ನು ಹತ್ತುವುವು, ನಾಯಿಯ ನೌಕರಿಯೇ ಹೋಗುವುದೆಂದು ಮೂರನೆಯವರು. ಈ ಕೊನೆಯ ಮಾತು ಬರಿಯ ವಿನೋದವಲ್ಲ. ಕಾಳಿನ ಬುಟ್ಟಿ ಅಲ್ಲಾಡಿಸಿ ಕುರಿಗಳನ್ನು ಹಿಂದೆ ಹಿಂದೆ ಕರೆದೊಯ್ಯುವುದು ನಿಜವಾಗಿಯೂ ನಡೆಯುವ ಕೆಲಸ.

ನಕ್ಕು ಮನೆಗೆ ಬಂದ ಮೇಲೆ ನಮಗೆ ಯೋಚನೆ ಹತ್ತಿತು. ನಮ್ಮ ಸೀಮೆಯ ಕುರಿಗಾಹಿಗಳಿಗೆ ಈ ತೊಡಕೇ ಇಲ್ಲ. 1956ಕ್ಕೆ ಮುನ್ನ ಬೀದರ, ಕಲಬುರ್ಗಿ, ರಾಯಚೂರುಗಳು ಹೈದರಾಬಾದು ಸಂಸ್ಥಾನದಲ್ಲಿಯೇ ಇದ್ದವಷ್ಟೆ. ಆ ಗಡಿಗಳೆಲ್ಲ ಬದಲಾದರೂ ದಖ್ಖನಿ ಕುರಿಯ ಕಪ್ಪು ಉಣ್ಣೆ ಮಾತ್ರ ಕರ್ನಾಟಕದ ಕುರುಬರ, ತೆಲಂಗಾಣದ ಕುರುಮರ, ಮಹಾರಾಷ್ಟ್ರದ ಧನಗರರ ಹೆಗಲ ಮೇಲೆ ಒಂದೇ ಕಂಬಳಿಯಾಗಿದೆ. ಇವರ ಹಿಂಡಿನ ನಾಯಿಗೆ ಮುಖ್ಯವಾಗಿ ಕಾವಲಿನ ಕೆಲಸ. ತೋಳ ಬಂದರೆ, ಕಳ್ಳ ಬಂದರೆ ಬೊಗಳಿ ಎದುರಿಸಬೇಕು. ಹಿಂಡನ್ನು ತಿರುಗಿಸುವುದು ಕುರಿಗಾಹಿಯ ಸಿಳ್ಳು, ಕೂಗು ಮತ್ತು ಕೋಲು. ಮುಂದೆ ನಡೆಯಲು ಹಿಂಡಿನಲ್ಲಿ ನಾಲ್ಕಾರು ಆಡುಗಳು. ಮರಿಯಾಗಿದ್ದಾಗಿನಿಂದ ಕುರಿಗಳ ನಡುವೆಯೇ ಹೊರಳಿ ಬೆಳೆದ ನಾಯಿಗೆ ಆ ಹಿಂಡೇ ಬಳಗ. ರೊಟ್ಟಿ ಸಿಕ್ಕುವುದು ನಿಜ. ಆದರೆ ಅದು ಮನೆಮಂದಿಯ ಪಾಲು, ಪಾಠಕ್ಕೊಂದು ತುಣುಕಲ್ಲ. (ಮುಧೋಳದ ನಾಯಿಯನ್ನು ನಮ್ಮ ಹುಡುಗರು ಇಲ್ಲಿ ತಂದು ನಿಲ್ಲಿಸಬಾರದು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ಆ ನೀಳಕಾಯನು ಬೇಟೆಗಾರ. ಹಿಂಡು ಕೂಡಿಸುವ ವಿದ್ಯೆ ಅವನದಲ್ಲ.)

ಹಿಂಡು ಕೂಡಿಸುವ ವಿದ್ಯೆಯಲ್ಲಿ ಹೆಸರಾದುದು ಬ್ರಿಟನ್ನಿನ ಗಡಿನಾಡಿನ ಬಾರ್ಡರ್ ಕಾಲಿ ಎಂಬ ತಳಿ. ವೇಲ್ಸಿನ ಬಾಲಾ ಎಂಬ ಊರಿನಲ್ಲಿ 1873ರಷ್ಟು ಹಿಂದೆಯೇ ಕುರಿನಾಯಿಗಳ ಪಂದ್ಯ ನಡೆಯಿತು. ‘ಕಮ್ ಬೈ’ ಎಂದರೆ ಗಡಿಯಾರದ ಮುಳ್ಳಿನಂತೆ, ‘ಅವೇ’ ಎಂದರೆ ಅದಕ್ಕೆ ವಿರುದ್ಧವಾಗಿ ಈ ನಾಯಿ ಹಿಂಡನ್ನು ಸುತ್ತುವುದು. ಬೊಗಳುವುದಿಲ್ಲ, ಕಚ್ಚುವುದಿಲ್ಲ, ಮೈ ತಗ್ಗಿಸಿ ನೆಟ್ಟ ದೃಷ್ಟಿಯಿಂದಲೇ ಕುರಿಗಳನ್ನು ಅಲುಗಿಸುವುದು. ಅದರ ಪೂರ್ವಿಕನಾದ ತೋಳ ಬೇಟೆಗಾಗಿ ಮಾಡುತ್ತಿದ್ದ ಹೊಂಚು ಇದೇ. ಮನುಷ್ಯನು ತಲೆಮಾರುಗಳ ಕಾಲ ಆರಿಸಿ ಆರಿಸಿ, ಕೊಲ್ಲುವ ಕೊನೆಯ ಹೆಜ್ಜೆಯನ್ನು ಅಡಗಿಸಿ, ಉಳಿದುದನ್ನು ಉಳಿಸಿಕೊಂಡಿದ್ದಾನೆ. ಇಂಥ ನಾಯಿ ಕುರಿಯ ಮೇಲೆ ಕಣ್ಣಿಟ್ಟಾಗ ಮೂಗಿನ ಮುಂದೆ ಮಾಂಸ ಹಿಡಿದರೂ ತಿರುಗಿ ನೋಡದಿರಬಹುದೆಂದು ಪಳಗಿಸುವವರು ಹೇಳುತ್ತಾರೆ. ಹಾಗಾದರೆ ಅದಕ್ಕೆ ಕೂಲಿಯೇನು? ಕುರಿಯೇ ಕೂಲಿ. ತಪ್ಪು ಮಾಡಿದರೆ ಕೆಲಸ ನಿಲ್ಲಿಸುತ್ತಾರೆ. ಅದೇ ಅದಕ್ಕೆ ದುಃಖ. ಸರಿಯಾಗಿ ಮಾಡಿದರೆ ಮುಂದೆ ಹೋಗಗೊಡುತ್ತಾರೆ, ಅದೇ ಹಬ್ಬ.

ಆದ್ದರಿಂದ ನಮ್ಮ ಗೆಳೆಯರ ನಗೆಯಲ್ಲಿ ತಿರುಳಿತ್ತು. ಆದರೆ ಪೂರ್ತಿ ನ್ಯಾಯವಿರಲಿಲ್ಲ. ಮರಿಯನ್ನು ಕುರಿಗಳ ಬಳಿಗೆ ಬಿಡುವ ಮೊದಲು, ಕರೆದಾಗ ಬರುವುದನ್ನೂ ಹೇಳಿದಲ್ಲಿ ಮಲಗುವುದನ್ನೂ ಅಂಗಳದಲ್ಲಿ ಕಲಿಸಲು ತಿಂಡಿಯ ತುಣುಕು ಬಹಳ ಒಳ್ಳೆಯ ಉಪಾಯ. ಅಲ್ಲದೆ, ಅಂದು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕ ಮಹನೀಯರು ತಮ್ಮ ಉಪಾಧ್ಯಾಯ ವೃತ್ತಿಯನ್ನೆಲ್ಲ ಬೆತ್ತದ ಬಲದಿಂದ ನಡೆಸಿದವರು. ಬೆತ್ತ ಹಿಡಿದ ಕೈ ಬಿಸ್ಕತ್ತನ್ನು ಹಾಸ್ಯ ಮಾಡುವುದು ನಮಗೆ ಸೊಗಸಾಗಿ ಕಾಣಲಿಲ್ಲ.

ನಾಯಿಗೆ ಹೇಳಿದ ಮಾತು ಮಕ್ಕಳಿಗೆ ಸಲ್ಲುವುದೆ? 1973ರಲ್ಲಿ ಅಮೆರಿಕದ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ವಿದ್ವಾಂಸರು ಪ್ರಕಟಿಸಿದ ಪ್ರಯೋಗವೊಂದಿದೆ. ಚಿತ್ರ ಬರೆಯುವುದರಲ್ಲಿ ಮೊದಲೇ ಆಸೆಯಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಬಂಗಾರದ ಮುದ್ರೆಯ ಪ್ರಶಸ್ತಿಪತ್ರ ಕೊಡುವೆವೆಂದು ಮುಂಚಿತವಾಗಿ ಹೇಳಿದರು. ಕೆಲವರಿಗೆ ಏನೂ ಹೇಳದೆ ಕೊನೆಯಲ್ಲಿ ಕೊಟ್ಟರು. ಉಳಿದವರಿಗೆ ಹೇಳಲೂ ಇಲ್ಲ, ಕೊಡಲೂ ಇಲ್ಲ. ಒಂದೆರಡು ವಾರಗಳ ತರುವಾಯ ನೋಡಿದರೆ, ಮಾತು ಕೊಟ್ಟು ಬರೆಯಿಸಿದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರಕ್ಕೆ ಕೂಡುತ್ತಿದ್ದರು. ಅನಿರೀಕ್ಷಿತವಾಗಿ ಬಹುಮಾನ ಪಡೆದವರ ಆಸೆಗೆ ಮಾತ್ರ ಕುಂದು ಬಂದಿರಲಿಲ್ಲ. ಬಹುಮಾನದಲ್ಲಿ ವಿಷವಿಲ್ಲ, ಕರಾರಿನಲ್ಲಿದೆ ಎಂದು ನಾವು ತಿಳಿಯುತ್ತೇವೆ.

ಈ ನಗರದ ಕನ್ನಡಕ್ಕೆ ಇದು ಬಹಳ ಹತ್ತಿರದ ಪ್ರಶ್ನೆ. ಬೀದಿಗೆ ತೆಲುಗು, ಅಂಗಡಿಗೆ ಉರ್ದು, ಕಚೇರಿಗೆ ಇಂಗ್ಲಿಷು ಇಲ್ಲದೆ ನಡೆಯದು. ಕನ್ನಡವಿಲ್ಲದೆ ಇಲ್ಲಿ ಯಾರ ಹೊಟ್ಟೆಯೂ ಬರಿದಾಗದು. ಹೀಗಾಗಿ ತಾಯಿತಂದೆಯರು ಪುಟಕ್ಕೊಂದು ಚಾಕಲೇಟಿನಂತೆ ಕನ್ನಡವನ್ನು ಓದಿಸಲೆಳಸುತ್ತಾರೆ. ಅವರ ಕಳವಳ ನಮಗೆ ಅರ್ಥವಾಗುತ್ತದೆ. ಆದರೆ ನಾವು ಕಂಡ ಶಾಲೆಯೊಂದರಲ್ಲಿ ಕಂಠಪಾಠಕ್ಕೆ ಬೆಳ್ಳಿಯ ಬಟ್ಟಲುಗಳು ಸಾಲಾಗಿದ್ದವು, ಕಥೆಯ ಪುಸ್ತಕಗಳ ಕಪಾಟಿಗೆ ಬೀಗವಿತ್ತು. ಬಿಸ್ಕತ್ತು ಧಾರಾಳ, ಕುರಿ ಮಾತ್ರ ದೊಡ್ಡಿಯೊಳಗೆ! ಹಾಗೆ ಪಳಗಿಸಿದ ನಾಯಿ ಹಿಂಡು ಕಾದೀತೆ? ಬಟ್ಟಲು ಎರಡು ಕಡಮೆಯಾದರೂ ಚಿಂತೆಯಿಲ್ಲ, ಕಪಾಟಿನ ಬೀಗ ತೆಗೆಯಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ನಾವೇನೂ ಈ ಪಾಪಕ್ಕೆ ಹೊರಗಲ್ಲ. ನಮ್ಮ ಮನೆಯ ನಾಲ್ಕನೆಯ ತರಗತಿಯ ಹುಡುಗನಿಗೆ ಕನ್ನಡದ ಪುಟವೊಂದಕ್ಕೆ ಎರಡು ರೂಪಾಯಿ ಕೊಡುವೆವೆಂದು ಒಮ್ಮೆ ಒಪ್ಪಂದ ಮಾಡಿದೆವು. ಅವನು ಪುಸ್ತಕಗಳನ್ನೆಲ್ಲ ಹರವಿ, ಅತಿ ದೊಡ್ಡ ಅಕ್ಷರಗಳೂ ಅತಿ ಹೆಚ್ಚು ಚಿತ್ರಗಳೂ ಇದ್ದುದನ್ನು ಆರಿಸಿದನು. ಸಂಜೆಯೊಳಗೆ ನಲವತ್ತು ರೂಪಾಯಿ ಸಂಪಾದಿಸಿದನು. ಕುರಿ ಚದರಿಸಿ ಕೂಡಿಸಿದ ಆ ಜಾಣ ನಾಯಿ ನಮ್ಮ ಮನೆಯಲ್ಲೇ ಇತ್ತು! ಕೆಲವು ದಿನಗಳ ಮೇಲೆ ಒಂದು ಮಳೆಯ ರಾತ್ರಿ ಅವನ ಅಜ್ಜಿ ಪಂಚತಂತ್ರದ ಕಥೆಯೊಂದನ್ನು ಓದಿ ಹೇಳುತ್ತಿದ್ದರು. ಮೊಸಳೆ ಕೋತಿಯನ್ನು ಬೆನ್ನ ಮೇಲೆ ಕೂಡಿಸಿಕೊಂಡು ನಡುನೀರಿಗೆ ಬಂದಿತ್ತು. ಆಗ ದೀಪ ಹೋಯಿತು. “ಉಳಿದದ್ದು ನಾಳೆ, ನನಗೆ ಕಣ್ಣು ಕಾಣಿಸದಪ್ಪಾ” ಎಂದು ಅಜ್ಜಿ ಮಲಗಿಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಹುಡುಗ ಕಂಬಳಿಯೊಳಗೆ ಬ್ಯಾಟರಿ ದೀಪ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿಕೊಂಡು, ಕೋತಿಯನ್ನು ದಡಕ್ಕೆ ಮುಟ್ಟಿಸುತ್ತಿದ್ದನು. ಆ ರಾತ್ರಿಯ ಪುಟಗಳ ಲೆಕ್ಕವನ್ನು ಅವನು ಇದುವರೆಗೆ ಕೇಳಿಲ್ಲ, ನಾವೂ ನೆನಪಿಸಿಲ್ಲ.