ಒಂದೇ ಮದುವೆಗೆ ಐದು ಮುಯ್ಯಿ

ಜಯನಗರದಲ್ಲಿರುವ ನನ್ನ ಗೆಳೆಯನೊಬ್ಬನ ಮನೆಯ ಗಾಜಿನ ಬೀರುವಿನಲ್ಲಿ ‘ಸ್ಟಾರ್ ವಾರ್ಸ್’ ಐದು ಸಲ ಇದೆ. ಐದು ಸಿನಿಮಾ ಅಲ್ಲ, ಒಂದೇ ಸಿನಿಮಾ ಐದು ಸಲ. 1995ರ ವಿಎಚ್‌ಎಸ್ ಕ್ಯಾಸೆಟ್, 1997ರ ‘ಸ್ಪೆಷಲ್ ಎಡಿಷನ್’ ಕ್ಯಾಸೆಟ್, 2004ರ ಡಿವಿಡಿ, 2006ರ ಇನ್ನೊಂದು ಡಿವಿಡಿ, 2011ರ ಬ್ಲೂ-ರೇ. ಅಮೆರಿಕದಲ್ಲಿರುವ ಅಕ್ಕ ಊರಿಗೆ ಬಂದಾಗಲೆಲ್ಲ ಸೂಟ್‌ಕೇಸಿನ ತಳದಲ್ಲಿ ಇಟ್ಟು ತಂದುಕೊಟ್ಟವು ಇವೆಲ್ಲ. ಮೊನ್ನೆ ಹೋಗಿದ್ದಾಗ ಅವನ ಹೆಂಡತಿ ಕಾಫಿ ಲೋಟ ಇಡುತ್ತ, “ಇವರು ಒಂದೇ ಮದುವೆಗೆ ಐದು ಸಲ ಮುಯ್ಯಿ ಹಾಕಿದಾರೆ ನೋಡಿ” ಎಂದರು. ತೀರ್ಥಹಳ್ಳಿ ಕಡೆಯವನಾದ ಗೆಳೆಯ ನಗಲಿಲ್ಲ. “ಮುಯ್ಯಿ ಹಾಕಿದ್ದಕ್ಕೆ ಬೇಜಾರಿಲ್ಲ ಮಾರಾಯ. ಐದು ಸಲ ಹೋದರೂ ನನಗೆ ಎಲೆ ಹಾಕಲಿಲ್ಲ” ಎಂದ.

ಹೊರಗಿನವರಿಗೆ ಈ ಸಿಟ್ಟು ಶ್ರೀಮಂತರ ಹೊಟ್ಟೆನೋವಿನಂತೆ ಕಾಣುತ್ತದೆ. ಯಾರಪ್ಪ ನಿನಗೆ ಕೊಳ್ಳು ಅಂದದ್ದು ಎಂದು ಕೇಳಬಹುದು. ಕ್ಯಾಸೆಟ್ಟಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಹಾಗಾಗಿ ಡಿವಿಡಿ ಕೊಂಡದ್ದು ಸರಿ. ಟಿವಿ ದೊಡ್ಡದಾಯಿತು, ಬ್ಲೂ-ರೇ ಬೇಕಾಯಿತು, ಅದೂ ಸರಿ. ಯಂತ್ರ ಬದಲಾದಾಗ ಮತ್ತೆ ದುಡ್ಡು ಬಿಚ್ಚುವುದಕ್ಕೆ ಸಿನಿಮಾ ಹುಚ್ಚಿನವರು ಗೊಣಗುತ್ತಾರೆಯೇ ಹೊರತು ಜಗಳ ತೆಗೆಯುವುದಿಲ್ಲ. ಅವರ ಜಗಳ ಬೇರೆ. 1977ರ ಮೇ 25ರಂದು ಅಮೆರಿಕದ ಥಿಯೇಟರುಗಳಲ್ಲಿ ಜನ ನೋಡಿದ ಆ ಸಿನಿಮಾ ಹೊಸ ಡಬ್ಬಿಗಳಲ್ಲಿ ಇಲ್ಲ.

ಆಗಿದ್ದಿಷ್ಟು. 1995ರ ಕ್ಯಾಸೆಟ್ಟನ್ನು ಮಾರಿದ್ದೇ, ಮೂಲ ಆವೃತ್ತಿ ಕೊಳ್ಳಲು ಇದು ಕೊನೆಯ ಅವಕಾಶ ಎಂಬ ಜಾಹೀರಾತಿನಿಂದ. ಎರಡೇ ವರ್ಷಕ್ಕೆ, ಸಿನಿಮಾದ ಇಪ್ಪತ್ತನೇ ವರ್ಷದ ನೆಪದಲ್ಲಿ, ಅದರ ನಿರ್ದೇಶಕ ಜಾರ್ಜ್ ಲೂಕಸ್ ‘ಸ್ಪೆಷಲ್ ಎಡಿಷನ್’ ತಂದರು. ಕಂಪ್ಯೂಟರಿನಲ್ಲಿ ಮಾಡಿದ ಪ್ರಾಣಿಗಳು, ಹೊಸ ಕಟ್ಟಡಗಳು, ಹೊಸ ದೃಶ್ಯಗಳು ಬಂದು ಕೂತವು. ಆಮೇಲೆ ಪ್ರತಿ ಬಿಡುಗಡೆಗೂ ಒಂದಿಷ್ಟು ತಿದ್ದುಪಡಿ. ಮನೆಗೆ ಸುಣ್ಣ ಬಳಿಯಲು ಶುರುಮಾಡಿದವನು ಗೋಡೆಯನ್ನೇ ಸರಿಸುತ್ತ ಹೋದ ಹಾಗೆ.

ಒಂದು ದೃಶ್ಯವನ್ನು ಹತ್ತಿರದಿಂದ ನೋಡಿ. ಹೆಂಡದಂಗಡಿಯ ಮೂಲೆಯಲ್ಲಿ ಕಳ್ಳಸಾಗಣೆಯ ಹಾನ್ ಸೋಲೊ ಕೂತಿದ್ದಾನೆ. ಎದುರಿಗೆ ಅವನನ್ನು ಹಿಡಿದುಕೊಡಲು ಬಂದ ಗ್ರೀಡೊ, ಕೈಯಲ್ಲಿ ಬಂದೂಕು. ಹಾನ್ ಮಾತಾಡುತ್ತಲೇ ಮೇಜಿನ ಕೆಳಗೆ ತನ್ನ ಬಂದೂಕನ್ನು ಸದ್ದಿಲ್ಲದೆ ಎಳೆದು ಗುಂಡು ಹಾರಿಸುತ್ತಾನೆ. ಇದು 1977. ಇವನು ನಂಬಲಾಗದ ಮನುಷ್ಯ ಎಂಬುದು ಮಾತಿಲ್ಲದೆ ಗೊತ್ತಾಗುತ್ತದೆ. ಕೊನೆಯಲ್ಲಿ ಅದೇ ಮನುಷ್ಯ ಗೆಳೆಯರಿಗಾಗಿ ಹಿಂದಿರುಗಿ ಬಂದಾಗ ಥಿಯೇಟರು ಎದ್ದು ಕೂಗುವುದು ಅದಕ್ಕೇ. 1997ರಲ್ಲಿ ಗ್ರೀಡೊ ಮೊದಲು ಗುಂಡು ಹಾರಿಸುವಂತೆ ತಿದ್ದಿದರು. ಅದೂ ಮೇಜಿನಾಚೆಯಿಂದ, ಮಾರು ದೂರದಿಂದ, ಗುರಿ ತಪ್ಪುವಂತೆ! ಗುಂಡು ತಪ್ಪಿಸಲೆಂದು ಹಾನ್‌ನ ತಲೆಯನ್ನು ಕಂಪ್ಯೂಟರಿನಲ್ಲೇ ಪಕ್ಕಕ್ಕೆ ಸರಿಸಿದ್ದಾರೆ. ಕಿವಿಯ ಬಳಿ ಸೊಳ್ಳೆ ಗುಂಯ್‌ಗುಟ್ಟಿದವನ ಹಾಗೆ ಕತ್ತು ಆಡುತ್ತದೆ. 2004ರ ಡಿವಿಡಿಯಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೆ ಹಾರಿಸುತ್ತಾರೆ. 2019ರಲ್ಲಿ ಡಿಸ್ನಿ ಪ್ಲಸ್‌ಗೆ ಬಂದಾಗ ಗ್ರೀಡೊ ಸಾಯುವ ಮುಂಚೆ ‘ಮಕ್ಲಂಕಿ’ ಎಂದು ಏನೋ ಒದರುತ್ತಾನೆ. ನಾಲ್ಕೈದು ಸೆಕೆಂಡಿನ ದೃಶ್ಯಕ್ಕೆ ನಾಲ್ಕು ರೂಪ!

ಜನರ ಗಲಾಟೆ ಕೇಳಿಸಲಿಲ್ಲವೇ? ಕೇಳಿಸಿತು. 2006ರಲ್ಲಿ ಮೂಲ ಆವೃತ್ತಿಯನ್ನು ಡಿವಿಡಿಯ ಜೊತೆಗಿನ ಎರಡನೇ ಡಿಸ್ಕಿನಲ್ಲಿ ಕೊಟ್ಟರು. ಗೆಳೆಯ ಅದನ್ನು ತನ್ನ ಅಗಲದ ಟಿವಿಯಲ್ಲಿ ಹಾಕಿ ತೋರಿಸಿದ. ಪರದೆಯ ನಾಲ್ಕೂ ಕಡೆ ಕಪ್ಪು, ನಡುವೆ ಅಂಚೆ ಚೀಟಿಯ ಹಾಗೆ ಸಿನಿಮಾ. ಹೊಸದಾಗಿ ನೆಗೆಟಿವ್‌ನಿಂದ ತೆಗೆದದ್ದಲ್ಲ ಅದು, 1993ರಲ್ಲಿ ಲೇಸರ್ ಡಿಸ್ಕಿಗೆಂದು ಮಾಡಿದ ಮಾಸ್ಟರನ್ನೇ ತಂದು ಹಾಕಿದ್ದು. ತಿದ್ದಿದ ಆವೃತ್ತಿ ಫಳಫಳ ಹೊಳೆಯುತ್ತದೆ, ಮೂಲ ಆವೃತ್ತಿ ಮಂಕಾಗಿ ಮುದುಡಿ ಕೂತಿದೆ. ಹಬ್ಬದ ದಿನ ನೆಂಟರಿಗೆ ಹೋಳಿಗೆ ಬಡಿಸಿ, ಅಜ್ಜಿಗೆ ತಂಗಳು ಇಟ್ಟ ಹಾಗೆ. ನಂತರದ ಬ್ಲೂ-ರೇಯಲ್ಲೂ, 2020ರ 4ಕೆ ಡಿಸ್ಕಿನಲ್ಲೂ ಆ ತಂಗಳೂ ಇಲ್ಲ.

ಲೂಕಸ್ ಅವರ ವಾದವನ್ನೂ ಕೇಳಬೇಕು. ಅಂದು ಹಣವಿರಲಿಲ್ಲ, ತಂತ್ರಜ್ಞಾನವಿರಲಿಲ್ಲ, ನೀವು ನೋಡಿದ್ದು ಅರ್ಧ ಮುಗಿದ ಚಿತ್ರ, ಈಗ ಪೂರ್ತಿ ಮಾಡಿದ್ದೇನೆ ಎಂಬುದು ಅವರ ಮಾತಿನ ಸಾರಾಂಶ. ತನ್ನ ಕೃತಿಯನ್ನು ತಿದ್ದುವ ಹಕ್ಕು ಕೃತಿಕಾರನಿಗಿದೆ, ಒಪ್ಪೋಣ. ನಮ್ಮ ಲೇಖಕರೂ ಎರಡನೇ ಮುದ್ರಣದಲ್ಲಿ ತಿದ್ದುತ್ತಾರೆ. ಆದರೆ ಮೊದಲ ಮುದ್ರಣವನ್ನು ಲೈಬ್ರರಿಯಿಂದ ಎತ್ತಿಹಾಕಿಸುವುದಿಲ್ಲ. ಇನ್ನೂ ವಿಚಿತ್ರವೆಂದರೆ, 1988ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ನಿಂತು ಹಳೆಯ ಚಿತ್ರಗಳಿಗೆ ಬಣ್ಣ ಬಳಿಯುವುದನ್ನು, ಮನಬಂದಂತೆ ತಿದ್ದುವುದನ್ನು ಕಟುವಾಗಿ ವಿರೋಧಿಸಿ ಸಾಕ್ಷ್ಯ ನುಡಿದವರಲ್ಲಿ ಇದೇ ಲೂಕಸ್ ಒಬ್ಬರು. ಸಿನಿಮಾ ಎಂಬುದು ಸಮಾಜದ ಸ್ವತ್ತೂ ಹೌದು ಎಂಬುದೇ ಆವತ್ತಿನ ವಾದದ ತಿರುಳು. ಮರುವರ್ಷ ಅಲ್ಲಿನ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಆಯ್ಕೆಯಾದ ಮೊದಲ 25 ಚಿತ್ರಗಳಲ್ಲಿ ‘ಸ್ಟಾರ್ ವಾರ್ಸ್’ ಇತ್ತು. ಆಗಿನ್ನೂ ‘ಸ್ಪೆಷಲ್ ಎಡಿಷನ್’ ಹುಟ್ಟಿರಲಿಲ್ಲ. ದೇಶದ ಆಸ್ತಿ ಎಂದು ಗುರುತಿಸಿದ್ದು ಆ ಅರ್ಧ ಮುಗಿದ ಚಿತ್ರವನ್ನೇ!

ಇದಕ್ಕೆ ಬೇರೆ ದಾರಿಯೇ ಇರಲಿಲ್ಲವೇ? ಇತ್ತು, ಪಕ್ಕದ ಮನೆಯವರೇ ತೋರಿಸಿದ್ದರು. ರಿಡ್ಲಿ ಸ್ಕಾಟ್ 1982ರ ‘ಬ್ಲೇಡ್ ರನ್ನರ್’ ಅನ್ನು ಮತ್ತೆ ಮತ್ತೆ ತಿದ್ದಿದರು. ಆದರೆ 2007ರಲ್ಲಿ ಅದರ ಐದೂ ಆವೃತ್ತಿಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರಿದರು, ನಿಮಗೆ ಬೇಕಾದ್ದು ನೋಡಿಕೊಳ್ಳಿ ಎಂದು. ಸ್ಪೀಲ್‌ಬರ್ಗ್ 2002ರಲ್ಲಿ ‘ಇ.ಟಿ.’ ಚಿತ್ರದ ಪೊಲೀಸರ ಕೈಯ ಬಂದೂಕು ಅಳಿಸಿ ವಾಕಿ-ಟಾಕಿ ಹಿಡಿಸಿದರು. ಹತ್ತು ವರ್ಷಕ್ಕೆ ತಪ್ಪಾಯಿತು ಅನ್ನಿಸಿ ಮೊದಲಿದ್ದ ಚಿತ್ರವನ್ನೇ ಬ್ಲೂ-ರೇಗೆ ಕೊಟ್ಟರು. ಇತ್ತ ‘ಸ್ಟಾರ್ ವಾರ್ಸ್’ ಅಭಿಮಾನಿಗಳು ಕಾದು ಸಾಕಾಗಿ, 1977ರ 35 ಎಂಎಂ ಪ್ರಿಂಟುಗಳನ್ನು ಹುಡುಕಿ, ಸ್ಕ್ಯಾನ್ ಮಾಡಿ, ಗೀರು ಕಲೆಗಳನ್ನು ಒರೆಸಿ ‘4ಕೆ77’ ಎಂಬ ಪ್ರತಿಯನ್ನು ತಾವೇ ಮಾಡಿಕೊಂಡರು. ಕಾನೂನಿನ ಕಣ್ಣಿಗೆ ಅದು ಸರಿಯಲ್ಲದಿರಬಹುದು. ಆದರೆ ದುಡ್ಡು ಕೊಡಲು ಸಾಲಿನಲ್ಲಿ ನಿಂತವನನ್ನು ಹಿತ್ತಲ ಬಾಗಿಲಿಗೆ ಕಳಿಸಿದವರು ಯಾರು?

ಈಗ ಗೆಳೆಯನಿಗೆ ನಾನು ಹೇಳಿದ ಸಂಗತಿ. 1977ರಲ್ಲೇ ನಮ್ಮಲ್ಲೊಂದು ಸಿನಿಮಾ ಬಂತು, ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’. ಅನಂತಮೂರ್ತಿಯವರ ಕಥೆ, ಕಾರಂತರ ಸಂಗೀತ, ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪು ಛಾಯಾಗ್ರಹಣ, ಸ್ವರ್ಣಕಮಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿದ್ದ ನೆಗೆಟಿವ್‌ನಿಂದ ಅದನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸೆಯವರ ಸಂಸ್ಥೆ ಸೇರಿ ಇಟಲಿಯಲ್ಲಿ ಮತ್ತೆ ಸಿದ್ಧಮಾಡಿಸಿ, 2024ರ ವೆನಿಸ್ ಉತ್ಸವದಲ್ಲಿ ತೋರಿಸಿದವು. ಕಲೆ ಒರೆಸಿದರು, ಕಥೆ ಮುಟ್ಟಲಿಲ್ಲ. ಅದಕ್ಕೆ ಹಣ ಕೊಟ್ಟದ್ದು ಹಾಬ್ಸನ್/ಲೂಕಸ್ ಫ್ಯಾಮಿಲಿ ಫೌಂಡೇಶನ್. ಹೌದು, ಅದೇ ಜಾರ್ಜ್ ಲೂಕಸ್ ಮತ್ತು ಅವರ ಪತ್ನಿಯ ಸಂಸ್ಥೆ. ಮಲೆನಾಡಿನ ಯಮುನಕ್ಕನ ಕಥೆಯನ್ನು ಇದ್ದ ಹಾಗೇ ಉಳಿಸಲು ದುಡ್ಡು ಕೊಟ್ಟ ಮನುಷ್ಯ, ಅದೇ ವರ್ಷದ ತನ್ನ ಚಿತ್ರವನ್ನು ಇದ್ದ ಹಾಗೆ ನೋಡಲು ಬಿಡಲಿಲ್ಲ. ಗೆಳೆಯ ಕಾಫಿ ಲೋಟ ಕೆಳಗಿಟ್ಟು ಎರಡು ನಿಮಿಷ ಸುಮ್ಮನೆ ಕೂತ. ಆಮೇಲೆ, “ಊರಿಗೆ ಉಪಕಾರಿ” ಎಂದಷ್ಟೇ ಹೇಳಿದ.

ನಾವೇನೂ ಬೀಗಬೇಕಾಗಿಲ್ಲ. ‘ಸತ್ಯ ಹರಿಶ್ಚಂದ್ರ’, ‘ಕಸ್ತೂರಿ ನಿವಾಸ’ಗಳಿಗೆ ಬಣ್ಣ ತುಂಬಿಸಿ ಥಿಯೇಟರಿಗೆ ತಂದಾಗ ನಾವು ಶಿಳ್ಳೆ ಹೊಡೆದೇ ನೋಡಿದೆವು. ನೋಡಿದ್ದು ತಪ್ಪಲ್ಲ. ಆದರೆ ಕಪ್ಪು-ಬಿಳುಪಿನ ಮೂಲವನ್ನೂ ಅಷ್ಟೇ ಮುತುವರ್ಜಿಯಿಂದ ಶುಚಿಮಾಡಿ ಕೊಡಿ ಎಂದು ಕೇಳಿದವರು ಎಷ್ಟು ಮಂದಿ? ನಾನು ಕೊಂಡ ಹಳೆಯ ಕನ್ನಡ ಚಿತ್ರವೊಂದರ ವಿಸಿಡಿಯಲ್ಲಿ ಎರಡು ಹಾಡೇ ಇರಲಿಲ್ಲ. ಹಣೆಯ ಮೇಲೆ ಮಾತ್ರ ಕಂಪನಿಯ ಫೋನ್ ನಂಬರ್ ಕೊನೆಯವರೆಗೂ ಓಡುತ್ತಿತ್ತು.

ಹಾಗಾಗಿ ಹಕ್ಕುದಾರರಲ್ಲಿ, ಅಲ್ಲಿಯವರಲ್ಲೂ ಇಲ್ಲಿಯವರಲ್ಲೂ, ಒಂದೇ ಬಿನ್ನಹ. ಬಣ್ಣ ಬಳಿಯಿರಿ, ಹೊಸ ಸದ್ದು ಸೇರಿಸಿ, ಹತ್ತು ಸಲ ಮಾರಿ. ಆದರೆ ಮೊದಲ ದಿನ ಮೊದಲ ಆಟದಲ್ಲಿ ಜನ ನೋಡಿದ್ದನ್ನೂ, ತಂಗಳಾಗಿ ಅಲ್ಲ, ಅದೇ ಬಿಸಿಯಲ್ಲಿ, ಅದೇ ಡಬ್ಬಿಯಲ್ಲಿಡಿ. 2025ರ ಜೂನ್‌ನಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಲಂಡನ್ನಿನಲ್ಲಿ 1977ರ ಪ್ರಿಂಟನ್ನು ಓಡಿಸಿತು. ಐವತ್ತನೇ ವರ್ಷವಾದ 2027ರಲ್ಲಿ ಮೂಲ ಆವೃತ್ತಿಯನ್ನೇ ಥಿಯೇಟರಿಗೆ ತರುವುದಾಗಿ ಲೂಕಸ್‌ಫಿಲ್ಮ್ ಸಾರಿದೆ. ಅದು ಡಿಸ್ಕಾಗಿಯೂ ಬಂದರೆ ಆರನೆಯ ಮುಯ್ಯಿಗೆ ನನ್ನ ಗೆಳೆಯ ಸಿದ್ಧನಿದ್ದಾನೆ. ದಯವಿಟ್ಟು ಈ ಸಲ ಎಲೆ ಹಾಕಿ.