ಸ್ಟೇರಿಂಗ್ ಬುಡಕ ಬಚ್ಚಿಟ್ಟ ಚಾವಿ

ನಮ್ಮ ಬಳಗದಾಗ ಈ ವರ್ಷ ಎರಡು ಮನಿಯವರು ಕಾರಿಗೆ ಒಂದು ಉಪಾಯ ಮಾಡಿಸ್ಯಾರ. ಮೂರನೇದವರು ಮಾಡಿಸಬೇಕು ಅಂತ ಕುಂತಾರ. ಅದಕ್ಕ ಇದನ್ನ ಬರ್ಯಾಕತ್ತೀನಿ. ಗಂಡಸರು ಮೆಕ್ಯಾನಿಕ್ ಕೂಡ ಮಾತಾಡಿ ಮುಗಿಸಿಬಿಡ್ತಾರ, ಆಮ್ಯಾಲೆ ನಮಗ ಬಂದು ಇಷ್ಟು ರೊಕ್ಕ ಉಳೀತು ಅಂತ ಹೇಳ್ತಾರ, ನಾವೂ ಹೂಂ ಅಂತೀವಿ. ಹೂಂ ಅನ್ನೂದಕ್ಕಿಂತ ಮೊದ್ಲ ಅದೇನು ಅಂತ ತಿಳ್ಕೊಂಡು ಅನ್ರಿ ಅಕ್ಕಾರ.

ಹಳೇ ಅಂಬಾಸಿಡರ್ ಚಾವಿ ನಮ್ಮ ಟ್ರಂಕಿನ ಚಾವಿ ಇದ್ದಂಗ ಇತ್ತು. ಹಲ್ಲು ಹೊಂದಿದ್ರ ಮುಗೀತು, ತಿರುಗತಿತ್ತು. ಈಗಿನ ಕಾರಿನ ಚಾವಿಗೆ ಹಲ್ಲಷ್ಟ ಸಾಲೂದಿಲ್ಲ. ಅದರ ಕರೇ ಪ್ಲಾಸ್ಟಿಕ್ ತಲಿಯೊಳಗ ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡದೊಂದು ಚಿಪ್ಪು ಇರ್ತೈತಿ. ಅದಕ್ಕ ಸೆಲ್ ಇಲ್ಲ, ಬ್ಯಾಟರಿ ಇಲ್ಲ. ಚಾವಿ ತೂತಿನ ಸುತ್ತಲೂ ಒಂದು ತಂತಿ ಸುರುಳಿ ಬಳಿ ಹಂಗ ಕುಂತಿರ್ತೈತಿ. ಚಾವಿ ತಿರುವಿದ ಕೂಡ್ಲೆ ಆ ಸುರುಳಿಯೊಳಗ ಕರೆಂಟ್ ಆಡಿ, ಮುಟ್ಟದನ ಚಿಪ್ಪಿಗೆ ಜೀವ ಕೊಡ್ತೈತಿ. ನಮ್ಮೂರಿನ ಟಿಸಿಯೊಳಗ ಒಂದು ಸುರುಳಿಯಿಂದ ಇನ್ನೊಂದು ಸುರುಳಿಗೆ ಕರೆಂಟ್ ದಾಟೂದು ಹೆಂಗೋ, ಇದೂ ಹಂಗ. ಜೀವ ಬಂದ ಚಿಪ್ಪು ತನ್ನ ಗುರುತು ಹೇಳ್ತೈತಿ, ಕಾರಿನ ಕಂಪ್ಯೂಟರ್ ಕೇಳ್ತೈತಿ. ಗುರುತು ಹೊಂದಿದ್ರ ಇಂಜಿನ್ ಹತ್ತತೈತಿ, ಇಲ್ಲಂದ್ರ ಇಲ್ಲ. ಕೆಲವು ಗಾಡಿ ಒಂದೆರಡು ಸೆಕೆಂಡ್ ಹತ್ತಿದಂಗ ಮಾಡಿ ಆರಿಬಿಡ್ತಾವ, ಮುಂದ ಒಂದು ದೀಪ ಮಿಣಮಿಣ ಅಂತೈತಿ. ಇದಕ್ಕ ಇಮ್ಮೊಬಿಲೈಜರ್ ಅಂತಾರ. ಮಾರುತಿಯವರು ತಮ್ಮದಕ್ಕ ಐ-ಕ್ಯಾಟ್ಸ್ ಅಂತ ಹೆಸರಿಟ್ಟಾರ.

ಈ ಚಿಪ್ಪು ಮಾತಾಡೋದು ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಅಲಿಯೊಳಗ. ಧಾರವಾಡ ಆಕಾಶವಾಣಿ 765 ಕಿಲೋಹರ್ಟ್ಸ್ ಅಂತ ನಾವೆಲ್ಲ ಕೇಳಕೋತನ ದೊಡ್ಡವರಾದೀವಿ, ಅದೂ ಇಂಥಾದ್ದ ಅಲಿ. ಆದ್ರ ಧಾರವಾಡದ ದನಿ ಜಿಲ್ಲೆ ಜಿಲ್ಲೆ ದಾಟಿ ಬರ್ತಿತ್ತು, ಚಿಪ್ಪಿನ ದನಿ ನಾಕು ಬೆರಳು ದಾಟಿದ್ರ ಹೆಚ್ಚು. ಬೇಕಂತ ಹಂಗ ಮಾಡ್ಯಾರ. ಚಾವಿ ಹಿಡಿದ ಮನಿಶ್ಯಾ ಅಲ್ಲೇ ಕುಂತಿರಬೇಕು ಅಂತ.

ಉಪಾಯ ಇರೋದು ಇಲ್ಲೇ. ಚಿಪ್ಪಿನ ಚಾವಿ ತಲಿಗೆ ಮೋಟರ್ ವೈಂಡಿಂಗ್ ತಂತಿ ಸುತ್ತಿ, ಅದನ್ನ ತೂತಿನ ಸುತ್ತಲಿನ ಬಳಿತನಕ ಒಯ್ದು ಅಲ್ಲೂ ಸುತ್ತಿಬಿಟ್ರ, ಚಾವಿ ದೂರ ಇದ್ರೂ ಕಾರಿಗೆ ಹತ್ತಿರ ಇದ್ದಂಗ ಕೇಳತೈತಿ. ಆ ಚಾವಿಯನ್ನ ಸ್ಟೇರಿಂಗ್ ಕವಚದ ಬುಡಕ ಕಟ್ಟಿ ಮುಚ್ಚಿಬಿಡ್ತಾರ. ಅಲ್ಲಿಗೆ ಕಾರಿನ ಕಿವಿಯೊಳಗ ಹಗಲು ರಾತ್ರಿ 'ನಾನು ನಿಮ್ಮವನs' ಅಂತ ಒಬ್ಬಾಂವ ಪಿಸುಗುಟ್ಟಕೋತ ಕುಂತಂಗಾತು. ಇನ್ನ ಬಸ್ ಸ್ಟ್ಯಾಂಡಿನ ಕಡೆ ಕತ್ತರಿಸಿದ ನೂರು ರೂಪಾಯಿ ತಗಡಿನ ಚಾವಿಯಿಂದ ಗಾಡಿ ಹತ್ತತೈತಿ.

ಯಾಕ ಮಾಡಸ್ತಾರ ಅಂತ ನನಗ ಗೊತ್ತಿಲ್ಲ ಅಂತಲ್ಲ. ನಮ್ಮನಿಯವರು ತಂದದ್ದೂ ಸೆಕೆಂಡ್ ಹ್ಯಾಂಡ್ ಗಾಡಿನ, ಕೆಎ 26. ಮಾರಿದಾಂವ ಒಂದ ಚಾವಿ ಕೊಟ್ಟು, ಎರಡನೇದು ಮನ್ಯಾಗ ಎಲ್ಲೋ ಐತಿ, ಹುಡುಕಿ ಕೊಡ್ತೀನಿ ಅಂದಾಂವ ಇನ್ನೂ ಹುಡುಕಾಕತ್ತಾನ. ಹೊಸಾ ಚಿಪ್ಪಿನ ಚಾವಿ ಅಂದ್ರ ನಾಕೈದು ಸಾವಿರ ಕೇಳಿದ್ರು. ಮತ್ತ ಆರ್‌ಸಿ ತೋರಸ್ರಿ, ಆಧಾರ್ ತೋರಸ್ರಿ, ಎಂಟು ದಿನ ಬಿಟ್ಟು ಗಾಡಿ ತಗೊಂಡು ಬರ್ರಿ. ಹಿರೇಹಂದಿಗೋಳದಾಗ ಕುಂತ ಒಕ್ಕಲಿಗ ಮನಿಗೆ ಇದು ಸಣ್ಣ ಖರ್ಚಲ್ಲ. ಒಂದು ಹದ್ದಿನ ಮೂಗಿನಷ್ಟು ಚಿಪ್ಪಿಗೆ ಒಂದು ಚೀಲ ಕಡ್ಲಿ ರೊಕ್ಕ ಕೊಡ್ಬೇಕೇನು ಅಂತ ಇವರು ಸಿಟ್ಟಿಗೆದ್ರು. ಸಿಟ್ಟು ಖರೇನ. ಅಷ್ಟು ರೊಕ್ಕ ತಗೋಬಾರದು ಅಂತ ನಾನೂ ಅಂತೀನಿ. ಆಗ ಮೆಕ್ಯಾನಿಕ್ ಈ ತಂತಿ ಉಪಾಯ ಹೇಳಿದ, ಐದುನೂರಕ್ಕ ಮಾಡಿಕೊಡ್ತೀನಿ ಅಂದ. ನಾನು ಬ್ಯಾಡ ಅಂದೆ. ಎರಡು ದಿನ ಮನ್ಯಾಗ ಮಾತುಕತಿ ಸ್ವಲ್ಪ ಕಡಿಮಿ ಇತ್ತು ಅನ್ರಿ.

ಇವರ ಮಾತೇನಂದ್ರ, ನಾವು ಹೊಲಕ್ಕ ಹೋಗುವಾಗ ಮನಿ ಚಾವಿ ಬಾಗಲ ಬಾಜೂ ಗೂಡಿನ್ಯಾಗ ಇಡೂದಿಲ್ಲೇನು, ಹಂಗ ಇದೂ. ಹಂಗಲ್ರಿ. ಗೂಡಿನ್ಯಾಗ ಚಾವಿ ಇಟ್ರ ಎದುರಿನ ಮನಿ ಅವ್ವ ಕಟ್ಟಿ ಮ್ಯಾಲ ಕುಂತಿರ್ತಾಳ. ಗುರ್ತಿಲ್ಲದವರು ಬಂದ್ರ 'ಯಾರಪಾ ನೀನು, ಯಾವೂರು' ಅಂತ ಕೇಳ್ತಾಳ. ಮನಿ ಕಾಯೋದು ಕೀಲಿ ಅಲ್ಲ, ಆಕಿ. ಕಾರು ಎಲ್ಲೆಲ್ಲಿ ನಿಲ್ತೈತಿ? ಹುಬ್ಬಳ್ಳಿ ಆಸ್ಪತ್ರೆ ಮುಂದ, ತೋಂಟದಾರ್ಯ ಜಾತ್ರಿ ಗದ್ದಲದಾಗ, ಯಾರದೋ ಮದಿವಿ ಕಲ್ಯಾಣ ಮಂಟಪದ ಹಿಂದ. ಅಲ್ಲಿ ಯಾವ ಅವ್ವ ಕುಂತಿರ್ತಾಳ?

'ನಮ್ಮ ಹಳೇ ಗಾಡಿ ಯಾರ ಕದೀತಾರ' ಅನ್ನೋದು ಇನ್ನೊಂದು ಮಾತು. ಅಮೇರಿಕಾದಾಗ ಏನಾತು ಅಂತ ನನ್ನ ತಂಗಿ ಮಗಳು ಫೋನಿನ್ಯಾಗ ಹೇಳಿದ್ಲು. ಅಲ್ಲಿ 2011ರಿಂದ 2021ರತನಕ ಬಂದ ಹುಂಡೈ, ಕಿಯಾ ಗಾಡಿಗಳಾಗ ಚಾವಿ ತಿರುವಿ ಹತ್ತಸೂವು ಭಾಳಷ್ಟಕ್ಕ ಈ ಇಮ್ಮೊಬಿಲೈಜರ್ ಇರಲಿಲ್ಲ. ಇದು ಹುಡುಗರಿಗೆ ಗೊತ್ತಾಗಿ ವಿಡಿಯೋ ಮಾಡಿ ಬಿಟ್ರು. ಮೊಬೈಲ್ ಚಾರ್ಜ್ ಮಾಡೋ ಯುಎಸ್‌ಬಿ ತುದಿಯಿಂದ ತಿರುವಿ ಒಯ್ಯಾಕ ಶುರು ಮಾಡಿದ್ರು. ಕದ್ದವರು ಭಾಳಷ್ಟು ಸಾಲಿ ಹುಡುಗರು. ಮಾರಾಕಲ್ಲ, ಮೋಜಿಗೆ ಓಡಸಾಕ. ಅಪಘಾತ ಆಗಿ ಮಂದಿ ಸತ್ರು. ಕೆಲವು ಊರಾಗ ವಿಮಾ ಕಂಪನಿಯವರು ಆ ಗಾಡಿಗೆ ಹೊಸಾ ಪಾಲಿಸಿ ಕೊಡೂದಿಲ್ಲ ಅಂದ್ರು. 2023ರ ಫೆಬ್ರುವರಿಯೊಳಗ ಕಂಪನಿಯವರು ಪುಕ್ಕಟೆ ಸಾಫ್ಟ್‌ವೇರ್ ಹಾಕಿ ಕೊಡಾಕ ಹತ್ತಿದ್ರು. ಬಾಜೂಕ ಇರೋ ಕೆನಡಾದಾಗ ಅದ ಕಂಪನಿ ಗಾಡಿಗೆ ಈ ಕಾಟ ಬರಲಿಲ್ಲ, ಯಾಕಂದ್ರ ಅಲ್ಲಿ 2007ರಿಂದನ ಇಮ್ಮೊಬಿಲೈಜರ್ ಕಡ್ಡಾಯ. ಬ್ರಿಟನ್ನಿನ್ಯಾಗ ಅದಕ್ಕೂ ಮೊದ್ಲ, 1998ರಿಂದ. ಈ ಚಿಪ್ಪು ಇದ್ರ ಏನು, ಇಲ್ಲದಿದ್ರ ಏನು ಅಂತ ಇಡೀ ದೇಶ ರೊಕ್ಕ ಸುರುವಿ ನೋಡಿದಂಗಾತು. ನಾವು ಇದ್ದದ್ದನ್ನ ಐದುನೂರು ಕೊಟ್ಟು ಕಳಕೊಳ್ಳೂದು ಯಾವ ಶಾಣ್ಯಾತನ?

ಅಕಿ ಊರಾಗ ಛಳಿಗೆ ಕಾರು ಗಡ್ಡಿ ಕಟ್ಟತೈತಂತ, ಅದಕ್ಕ ಮನಿ ಒಳಗಿಂದನ ಗಾಡಿ ಹತ್ತಸೂ ಯಂತ್ರ ಹಾಕಸ್ತಾರ. ಅದಕ್ಕೂ ಇಮ್ಮೊಬಿಲೈಜರ್ ದಾಟಬೇಕಲ್ಲ, ಹಿಂದೆಲ್ಲ ಹಿಂಗ ಒಂದು ಚಾವಿಯನ್ನ ಡಬ್ಬಿಯೊಳಗ ಇಟ್ಟು ತಂತಿ ಎಳೀತಿದ್ರು. ಆದ್ರ ಸರಿಯಾಗಿ ಮಾಡಿದವರು ನಡುವ ಒಂದು ರಿಲೇ ಇಡ್ತಿದ್ರು. ಮನಿಯಿಂದ ಒತ್ತಿದಾಗಷ್ಟ ತಂತಿ ಕೂಡತೈತಿ, ಉಳಿದ ಹೊತ್ತು ಬಿಟ್ಟಿರ್ತೈತಿ. ಗಾಡಿ ಹತ್ತಿದ ಮ್ಯಾಲೂ ಖರೇ ಚಾವಿ ಇಲ್ಲದ ಬ್ರೇಕ್ ತುಳಿದ್ರ ಆರಿಬಿಡ್ತೈತಿ. ನಮ್ಮ ಮೆಕ್ಯಾನಿಕ್ ಹೇಳಿದ್ದು ಅದಲ್ಲ. ಅವನದು ಬಾಗಲ ಕಿತ್ತು ಒಗದಂಗ.

ಇನ್ನ ವಿಮಾ. ಇದನ್ನ ಎಲ್ಲಾರೂ ಕೇಳ್ರಿ. ಗಾಡಿ ಕಳವಾದ್ರ ವಿಮಾದವರು ಎಫ್‌ಐಆರ್, ಆರ್‌ಸಿ ಜೊತಿಗೆ ಎರಡೂ ಮೂಲ ಚಾವಿ ಕೇಳ್ತಾರ. 'ಇನ್ನೊಂದು ಚಾವಿ ಗಾಡಿಯೊಳಗನ ಕಟ್ಟಿತ್ರಿ, ಗಾಡಿ ಕೂಡ ಹೋತು' ಅಂತ ಹೇಳ್ತೀರೇನು? ಗಾಡಿಯೊಳಗ ಚಾವಿ ಬಿಟ್ಟದ್ದು ನಿಮ್ಮ ಅಲಕ್ಷ್ಯ ಅನ್ನಾಕ ಅವರಿಗೆ ಇದಕ್ಕಿಂತ ಚಲೋ ನೆವ ಬೇಕೇನು? ವರ್ಷಾ ವರ್ಷಾ ಕಟ್ಟಿದ ಕಂತು, ಗಾಡಿ ಸಾಲ, ಎಲ್ಲಾ ನಮ್ಮ ತಲಿ ಮ್ಯಾಲ. ಸಾಲಕ್ಕ ಒತ್ತಿ ಇಡೋ ಬಂಗಾರ ಯಾರ ಕೊಳ್ಳಾಗಿಂದು ಅಂತ ನಾನು ಹೇಳೂದು ಬ್ಯಾಡ.

ಹಂಗಾದ್ರ ಮಾಡೋದೇನು ಅಂತ ಕೇಳ್ತೀರಿ. ಹಳೇ ಗಾಡಿ ತಗೊಳ್ಳುವಾಗ ಎರಡು ಚಾವಿ ಕೈಗೆ ಬರೂತನಕ ಪೂರಾ ರೊಕ್ಕ ಬಿಡಬ್ಯಾಡ್ರಿ. ಒಂದ ಚಾವಿ ಇದ್ದವರು ಅದು ಇರೂವಾಗನ ಇನ್ನೊಂದು ಮಾಡಸ್ರಿ; ಇದ್ದೊಂದೂ ಕಳದ್ರ ಗಾಡಿ ಎಳಿಸಿಕೊಂಡು ಹೋಗಬೇಕಾಗ್ತೈತಿ, ಖರ್ಚು ದುಪ್ಪಟ್ಟಾಗ್ತೈತಿ. ಹೊಸಾ ಚಾವಿ ಗುರುತು ಕೂಡಸೂವಾಗ, ಕಳದ ಚಾವಿ ಗುರುತು ಅಳಸ್ರಿ ಅಂತ ಬಾಯಿಬಿಟ್ಟು ಕೇಳ್ರಿ. ಭಾಳಷ್ಟು ಗಾಡಿಯೊಳಗ ಅಳಸಾಕ ಬರ್ತೈತಿ, ಕೇಳದಿದ್ರ ಅವರಾಗೆ ಮಾಡೂದಿಲ್ಲ. ಮಾರಿದಾಂವನ ಮನ್ಯಾಗಿನ ಆ ಎರಡನೇ ಚಾವಿ ಯಾರ ಕೈಗೆ ಹೋಗೈತೋ ಯಾರಿಗೆ ಗೊತ್ತು. ಬಾಗಲಾ ತಗಿಯಾಕಷ್ಟ ಬೇಕು ಅಂದ್ರ ಚಿಪ್ಪಿಲ್ಲದ ತಗಡಿನ ಚಾವಿ ಒಂದು ಇಟ್ಕೊಳ್ರಿ, ಅದಕ್ಕೇನೂ ತಕರಾರಿಲ್ಲ. ರಿಮೋಟಿನ ಸೆಲ್ ಸತ್ರ ಗಾಬರಿ ಆಗಬ್ಯಾಡ್ರಿ, ಚಾವಿ ತಿರುವೂ ಗಾಡಿ ಅದರಿಂದನ ಹತ್ತತೈತಿ, ಚಿಪ್ಪಿಗೆ ಸೆಲ್ ಬೇಕಾಗಿಲ್ಲ ಅಂತ ಮ್ಯಾಲ ಹೇಳೀನಲ್ಲ.

ನಮ್ಮ ಗಾಡಿ ಈಗ ಮಗಳು ಓಡಸ್ತಾಳ, ಗದಗಿಗೆ ಕೆಲಸಕ್ಕ ಹೋಗಿ ಕತ್ತಲಾದ ಮ್ಯಾಲ ಬರ್ತಾಳ. ನಾಕು ತಿಂಗಳು ಹಾಲಿನ ರೊಕ್ಕದಾಗ ಕೂಡಿಸಿ ನಾನ ಎರಡನೇ ಚಾವಿ ಮಾಡಿಸೀನಿ. ಅದು ಗೋದ್ರೇಜ್ ತಿಜೋರಿಯೊಳಗ, ನನ್ನ ಇಳಕಲ್ ಸೀರಿ ಮಡಿಕಿಯೊಳಗ ಐತಿ. ಮಗಳಿಗೆ ಹೇಳೀನಿ. ಇವರಿಗೆ ಇನ್ನೂ ಹೇಳಿಲ್ಲ.